ಆ ಒಡಪು ಏನಿತ್ತು?

ಹೋದ ಶ್ರಾವಣದಲ್ಲಿ ಒಬ್ಬ ಹುಡುಗ ನನ್ನ ಅಂಗಡಿಗೆ ಬಂದಿದ್ದ. ನಾಲ್ಕು ವರ್ಷದ ಹಿಂದೆ ಅವನ ಮದುವೆ ವಿಡಿಯೊ ಮಾಡಿಕೊಟ್ಟವನು ನಾನೇ. ಸಿರುಗುಪ್ಪ ಕಡೆಯ ಮದುವೆ. ಎರಡು ಕ್ಯಾಮೆರಾ, ಒಂದು ಡ್ರೋನ್, ಕೊನೆಗೊಂದು ಪೆನ್‌ಡ್ರೈವ್. ಅದೇ ಪೆನ್‌ಡ್ರೈವನ್ನು ಮೇಜಿನ ಮೇಲಿಟ್ಟು, “ಅಣ್ಣಾ, ಇದರಾಗೆ ಭೂಮದ ಊಟದ ಹತ್ರ ನಮ್ಮಾಕಿ ಒಡಪು ಹೇಳ್ತಾಳಲ್ಲ, ಅಲ್ಲಿ ಹಾಡು ತೆಗೆದು ಬರೀ ಮಾತು ಕೇಳಂಗ ಮಾಡಿಕೊಡ್ರಿ” ಅಂದ.

ಗಂಡು ಹೆಣ್ಣು ಒಟ್ಟಿಗೆ ಕೂತು ಉಣ್ಣುವ ಆ ಭೂಮದ ಊಟದ ಜಾಗಕ್ಕೆ ಹೋಗಿ ನೋಡಿದೆವು. ಬಾಳೆ ಎಲೆ ಮುಂದೆ ಹುಡುಗಿ ತಲೆ ತಗ್ಗಿಸಿ ಕೂತಿದ್ದಾಳೆ. ಕೈಯಲ್ಲಿ ಹೋಳಿಗೆ ತುಂಡು. ಸುತ್ತ ಆರೇಳು ಹೆಂಗಸರು. ಒಡಪು ಕಟ್ಟಿ, ಅಂದರೆ ಪ್ರಾಸದ ಸಾಲಿನಲ್ಲಿ ಪೋಣಿಸಿ, ಗಂಡನ ಹೆಸರು ಹೇಳೋವರೆಗೂ ತಿನ್ನಿಸೋ ಹಾಗಿಲ್ಲ ಅಂತ ಅವಳ ಮಣಿಕಟ್ಟು ಹಿಡಿದಿದ್ದಾರೆ. ಅವಳು ನಗುತ್ತಾಳೆ, ಆಗಲ್ಲ ಅಂತ ತಲೆ ಆಡಿಸುತ್ತಾಳೆ, ಆಮೇಲೆ ತುಟಿ ಅಲುಗುತ್ತದೆ. ಎಣಿಸಿದೆ, ಆರು ಸೆಕೆಂಡು. ಅಷ್ಟಕ್ಕೇ ಎಲ್ಲರೂ ಬಿದ್ದು ಬಿದ್ದು ನಗುತ್ತಾರೆ. ಹಿಂದೆ ನಿಂತ ಹೆಂಗಸೊಬ್ಬರು ಅವಳ ಬೆನ್ನಿಗೊಂದು ಗುದ್ದು ಕೊಡುತ್ತಾರೆ. ಹುಡುಗ ನಾಚಿ ಪಕ್ಕಕ್ಕೆ ತಿರುಗುತ್ತಾನೆ. ಇಷ್ಟೂ ಹೊತ್ತು ನಮಗೆ ಕೇಳಿಸುತ್ತಿದ್ದದ್ದು ಒಂದು ಸಿನಿಮಾ ಡ್ಯುಯೆಟ್. ಅದನ್ನು ಹಾಕಿದವನು ನಾನು.

ಒರಿಜಿನಲ್ ಫೈಲು ಇರಲಿಲ್ಲ. ನಮ್ಮ ಕಸುಬಿನಲ್ಲಿ ಆರು ತಿಂಗಳು ಇಟ್ಟರೆ ಜಾಸ್ತಿ. ಆಮೇಲೆ ಆ ಹಾರ್ಡ್ ಡಿಸ್ಕು ಇನ್ನೊಬ್ಬರ ಮದುವೆಗೆ ಹೋಗುತ್ತದೆ. ಹೇಳಿದೆ. ಹುಡುಗ ಸಿಟ್ಟಾಗಲಿಲ್ಲ. “ಹೆಂಡತಿನೇ ಕೇಳಬಹುದಲ್ಲಪ್ಪ” ಅಂದೆ. “ಆಕಿಗೇ ನೆನಪಿಲ್ಲಣ್ಣ. ಯಾರೋ ಅತ್ತಿಗೆ ಕಿವಿಯಾಗ ಹೇಳಿಕೊಟ್ಟಿದ್ರಂತೆ. ನಮ್ಮವ್ವ ಕಾಲುವೆ ನೀರು ಅಂತ ಶುರು ಆತು ಅಂತಾಳ. ನಮ್ಮಕ್ಕ ಇಲ್ಲ, ಮೆಣಸಿನಕಾಯಿ ಅಂತಿತ್ತು ಅಂತಾಳ. ಮನ್ಯಾಗ ಪಂದ್ಯ ಕಟ್ಟೀವಿ.” ಚಹಾ ತರಿಸಿದೆ. ಕುಡಿದು ಹೋದ. ಆ ಆರು ಸೆಕೆಂಡು ಮಾತ್ರ ನನ್ನ ಹತ್ತಿರವೇ ಉಳಿಯಿತು.

ಮದುವೆ ವಿಡಿಯೊ ಎಡಿಟ್ ಮಾಡುವವರಿಗೆ ಇದು ಗೊತ್ತಿರುತ್ತದೆ. ಕ್ಯಾಮೆರಾದ ಮೈಕು ಏನನ್ನೂ ಬಿಡುವುದಿಲ್ಲ. ಜನರೇಟರ್, ಅಡುಗೆಯವರ ಸೌಟು, ಅಳುವ ಮಗು, ಮೈಕಿನಲ್ಲಿ ‘ಗೇಟಿನ ಮುಂದಿರೋ ಬಿಳಿ ಕಾರು ತೆಗೀರಿ’ ಅನ್ನುವವರು, ಎಲ್ಲವೂ ಅದರಲ್ಲಿ ಬಂದು ಕೂತಿರುತ್ತದೆ. ಇದಕ್ಕೆಲ್ಲ ನಾವು ಇಟ್ಟಿರುವ ಹೆಸರು ‘ವೇಸ್ಟ್ ಸೌಂಡ್’. ಟೈಮ್‌ಲೈನ್‌ನಲ್ಲಿ ಎಲ್ಲ ಕ್ಲಿಪ್ಪನ್ನೂ ಒಟ್ಟಿಗೆ ಹಿಡಿದು ಒಂದೇ ಏಟಿಗೆ ಮ್ಯೂಟ್ ಮಾಡುತ್ತೇವೆ. ಗಟ್ಟಿಮೇಳದ ಹತ್ತಿರ ಒಂದಿಷ್ಟು ಬಿಡುತ್ತೇವೆ, ಉಳಿದದ್ದಕ್ಕೆ ಹಾಡು. ಹದಿನೈದು ವರ್ಷದಿಂದ ಹೀಗೇ ಮಾಡಿದ್ದೇನೆ. ಬಳ್ಳಾರಿ, ಸಿರುಗುಪ್ಪ, ಸಂಡೂರು, ಆ ಕಡೆ ಗಂಗಾವತಿ, ಸಿಂಧನೂರು. ಎಷ್ಟು ಹುಡುಗಿಯರ ಒಡಪು ಹೀಗೆ ಹೋಯಿತೋ ಲೆಕ್ಕ ಇಟ್ಟಿಲ್ಲ.

ಎಕೋ ಹುಡುಕುತ್ತಾ ಹೋದದ್ದು

ಆ ವಾರವೇ ಇನ್ನೊಂದು ಕೆಲಸ ಇತ್ತು. ಗೃಹಪ್ರವೇಶದ ವಿಡಿಯೊ. ಮಂತ್ರಕ್ಕೆ ‘ಗುಡಿಯೊಳಗೆ ಹೇಳಿದಂಗೆ ಎಕೋ’ ಹಾಕಿಕೊಡಿ ಅಂದಿದ್ದರು. ನನ್ನ ಸಾಫ್ಟ್‌ವೇರಿನಲ್ಲಿ ಎಕೋ ಎಷ್ಟು ಸೆಕೆಂಡಿನವರೆಗೆ ಎಳೆಯಬಹುದು ಅಂತ ಯೂಟ್ಯೂಬಿನಲ್ಲಿ ನೋಡುತ್ತಾ ಕೂತವನಿಗೆ, ಎಲ್ಲೆಲ್ಲೋ ಸುತ್ತಿ, ಒಂದು ರೆಕಾರ್ಡಿಂಗ್ ಸಿಕ್ಕಿತು. 1988ರಲ್ಲಿ ಮಾಡಿದ್ದು. ಅಮೆರಿಕದ ವಾಷಿಂಗ್ಟನ್ ರಾಜ್ಯದ ಪೋರ್ಟ್ ಟೌನ್‌ಸೆಂಡ್ ಅನ್ನುವ ಊರು. ಅಲ್ಲಿ ಫೋರ್ಟ್ ವರ್ಡನ್ ಅಂತ ಹಳೆಯ ಸೈನ್ಯದ ಠಾಣೆ. ಅದರ ನೆಲದೊಳಗೆ ಸಿಮೆಂಟಿನ ದೊಡ್ಡ ನೀರಿನ ತೊಟ್ಟಿ. 20 ಲಕ್ಷ ಗ್ಯಾಲನ್ ಹಿಡಿಯುವಂಥದ್ದು, ಅಂದರೆ ನಮ್ಮ ಲೆಕ್ಕದಲ್ಲಿ ಸುಮಾರು 75 ಲಕ್ಷ ಲೀಟರ್. ನೀರಿರಲಿಲ್ಲ. ಮೂರು ಜನ ಏಣಿ ಹಿಡಿದು ಹದಿನಾಲ್ಕು ಅಡಿ ಕೆಳಗಿಳಿದರು. ಪಾಲಿನ್ ಒಲಿವೆರೋಸ್ ಅನ್ನುವ ಸಂಗೀತ ರಚನೆಗಾರ್ತಿಯ ಕೈಯಲ್ಲಿ ಅಕಾರ್ಡಿಯನ್. ಸ್ಟುವರ್ಟ್ ಡೆಂಪ್‌ಸ್ಟರ್ ಟ್ರೊಂಬೋನ್ ಊದುವವರು. ಪನಯೋಟಿಸ್ ಹಾಡುವವರು. ಒಳಗೆ ಒಂದು ಸದ್ದು ಮಾಡಿದರೆ ಅದು ಆರಿಹೋಗಲು 45 ಸೆಕೆಂಡು ಬೇಕಿತ್ತು.

45 ಸೆಕೆಂಡು ಅಂದರೆ ಏನು ಅಂತ ನನ್ನ ಕಸುಬಿನವರಿಗೆ ಹೇಳಬೇಕು. ನಾವು ಮಂತ್ರಕ್ಕೆ ಹಾಕುವ ಎಕೋ ಎರಡು ಸೆಕೆಂಡು ಮೀರಿದರೆ ಮಾತೆಲ್ಲ ಕಲಸಿಹೋಗುತ್ತದೆ. ಅಲ್ಲಿ, ಈಗ ಬಾರಿಸಿದ ಸ್ವರ ಮುಕ್ಕಾಲು ನಿಮಿಷ ಕೋಣೆಯಲ್ಲೇ ತಿರುಗುತ್ತಿರುತ್ತದೆ. ನೀವು ಎರಡನೆಯದು ಬಾರಿಸುತ್ತೀರಿ, ಮೊದಲನೆಯದು ಇನ್ನೂ ಹೋಗಿಲ್ಲ. ಮೂರನೆಯದಕ್ಕೆ ಎರಡೂ ಇವೆ. ಹಿಂದಿನ ತಪ್ಪು ಮುಂದಿನ ಸ್ವರದ ಜೊತೆ ಬಂದು ನಿಲ್ಲುತ್ತದೆ. ಅವಸರ ಮಾಡಿದರೆ ಬರೀ ಗದ್ದಲ. ಅದಕ್ಕೇ ಆ ಮೂವರೂ ಬಾರಿಸುವುದಕ್ಕಿಂತ ಕಾಯುವುದೇ ಜಾಸ್ತಿ. ಯಾವುದು ಅಕಾರ್ಡಿಯನ್, ಯಾವುದು ಗೋಡೆ, ಯಾವುದು ಬಾಯಿ ಅಂತ ಸ್ವಲ್ಪ ಹೊತ್ತಿಗೆ ತಿಳಿಯುವುದಿಲ್ಲ. ನಾನು ಹೆಡ್‌ಫೋನ್ ಹಾಕಿಕೊಂಡು ಹತ್ತು ನಿಮಿಷ ಕೇಳಿದೆ. ಮೊದಲ ಎರಡು ನಿಮಿಷ ಬೇಜಾರಾಯಿತು, ಸುಳ್ಳು ಹೇಳಲ್ಲ. ಐದನೇ ನಿಮಿಷಕ್ಕೆ ಅಂಗಡಿಯ ಶಟರ್ ಅರ್ಧ ಎಳೆದೆ.

ಆ ರೆಕಾರ್ಡಿಂಗು ಮರುವರ್ಷ ‘ಡೀಪ್ ಲಿಸನಿಂಗ್’ ಅನ್ನುವ ಹೆಸರಿನಲ್ಲಿ ಬಂತು. ಹೆಸರಿಟ್ಟದ್ದು ಅರ್ಧ ತಮಾಷೆಗೆ. ನೆಲದ ಆಳಕ್ಕೆ ಇಳಿದು ಕೇಳಿದ್ದೇವಲ್ಲ, ಹಾಗಾಗಿ ಆಳದ ಕೇಳುವಿಕೆ. ಆದರೆ ಆ ತಮಾಷೆಯೇ ಒಲಿವೆರೋಸ್ ಅವರ ಉಳಿದ ಬದುಕಿನ ಕೆಲಸಕ್ಕೆ ಹೆಸರಾಯಿತು. ಶಿಬಿರ, ಸಂಸ್ಥೆ, ಪಾಠ ಎಲ್ಲಕ್ಕೂ.

ಕಿಟಕಿ ಮೇಲಿಟ್ಟ ಮೈಕು

ಒಲಿವೆರೋಸ್ ಹುಟ್ಟಿದ್ದು 1932ರಲ್ಲಿ, ಟೆಕ್ಸಾಸ್‌ನ ಹ್ಯೂಸ್ಟನ್‌ನಲ್ಲಿ. ತಾಯಿ, ಅಜ್ಜಿ ಇಬ್ಬರೂ ಪಿಯಾನೊ ಪಾಠ ಹೇಳಿಕೊಂಡು ಸಂಸಾರ ನಡೆಸಿದವರು. ಇನ್ನೊಂದಿಷ್ಟು ಸಂಪಾದನೆ ಆಗಲಿ ಅಂತ ತಾಯಿ ಅಕಾರ್ಡಿಯನ್ ಕಲಿಯಲು ಮನೆಗೆ ತಂದರು. ಅದನ್ನು ಮಗಳು ಹಿಡಿದುಕೊಂಡಳು, ಬಿಡಲೇ ಇಲ್ಲ. ಅಕಾರ್ಡಿಯನ್ ಅಂದರೆ ಹೆಗಲಿಗೆ ನೇತುಹಾಕಿಕೊಂಡ ಪೇಟಿ ಅನ್ನಿ. ನಮ್ಮ ನಾಟಕ ಕಂಪನಿಗಳ ಕಾಲು ಪೇಟಿಯಲ್ಲೂ ಅದರಲ್ಲೂ ಗಾಳಿ ತಿದಿಯಿಂದ ಬಂದು ಲೋಹದ ಸಣ್ಣ ನಾಲಿಗೆಗಳನ್ನು ಅದುರಿಸುತ್ತದೆ, ಅಷ್ಟೇ. ಶಾಸ್ತ್ರೀಯದ ದೊಡ್ಡವರು ಪೇಟಿಯನ್ನು ಎಷ್ಟು ಕೀಳಾಗಿ ಕಂಡರೋ, ಪಶ್ಚಿಮದ ದೊಡ್ಡವರು ಅಕಾರ್ಡಿಯನ್ನನ್ನೂ ಅಷ್ಟೇ ಕೀಳಾಗಿ ಕಂಡರು. ಒಲಿವೆರೋಸ್ ಅದನ್ನೇ ಎದೆಗೆ ಕಟ್ಟಿಕೊಂಡು ಎಪ್ಪತ್ತು ವರ್ಷ ಓಡಾಡಿದರು. ಚಿಕ್ಕಂದಿನಲ್ಲಿ ಅವರಿಗೆ ಇನ್ನೊಂದು ಹುಚ್ಚು ಇತ್ತಂತೆ. ಅಪ್ಪನ ರೇಡಿಯೊದಲ್ಲಿ ಸ್ಟೇಷನ್ ಹುಡುಕುವಾಗ ನಡುವೆ ಬರುವ ಕುಂಯ್, ಸೊಂಯ್ ಸದ್ದು ಅವರಿಗೆ ಇಷ್ಟ. ಸ್ಟೇಷನ್ ಅಲ್ಲ, ಸ್ಟೇಷನ್ ಸಿಗದ ಜಾಗ. ನಮ್ಮ ಮನೆಯಲ್ಲಿ ಆ ಸದ್ದು ಬಂದರೆ ಅಪ್ಪ ರೇಡಿಯೊ ತಲೆಗೆ ಮೊಟಕುತ್ತಿದ್ದ.

1952ರಲ್ಲಿ, ಇಪ್ಪತ್ತು ವರ್ಷಕ್ಕೆ, ಅಕಾರ್ಡಿಯನ್ ಮತ್ತು 300 ಡಾಲರ್ ಹಿಡಿದುಕೊಂಡು ಸ್ಯಾನ್ ಫ್ರಾನ್ಸಿಸ್ಕೊಗೆ ಬಂದರು. ಪಾಠ ಹೇಳಿ ಹೊಟ್ಟೆ ಹೊರೆದರು. ಮರುವರ್ಷ, 21ನೇ ಹುಟ್ಟುಹಬ್ಬಕ್ಕೆ, ತಾಯಿ ಒಂದು ಟೇಪ್ ರೆಕಾರ್ಡರ್ ಕೊಟ್ಟರು. ಅವರು ಮಾಡಿದ ಮೊದಲ ಕೆಲಸ ಅಂದರೆ ಮೈಕನ್ನು ಕಿಟಕಿಯ ಮೇಲಿಟ್ಟು, ಟೇಪು ಮುಗಿಯೋವರೆಗೂ ಹೊರಗಿನ ಸದ್ದು ಹಿಡಿದದ್ದು. ಆಮೇಲೆ ಹಾಕಿ ಕೇಳಿದರೆ ಅದರಲ್ಲಿ ತಾವು ಕೇಳಿಸಿಕೊಳ್ಳದ ಸದ್ದುಗಳಿದ್ದವು. ತಾವೇ ಅಲ್ಲಿ ಕೂತಿದ್ದರು, ಕಿವಿ ಸರಿಯಾಗೇ ಇತ್ತು, ಆದರೂ ಕೇಳಿಸಿರಲಿಲ್ಲ. ಅವತ್ತಿನಿಂದ ತಮಗೆ ತಾವೇ ಒಂದು ನೇಮ ಹಾಕಿಕೊಂಡರು. ಯಾವಾಗಲೂ ಎಲ್ಲವನ್ನೂ ಕೇಳಬೇಕು, ಕೇಳುತ್ತಿಲ್ಲ ಅನ್ನುವುದು ಗೊತ್ತಾದಾಗ ಮತ್ತೆ ಎಚ್ಚರ ಮಾಡಿಕೊಳ್ಳಬೇಕು.

ಇದನ್ನು ಓದಿದಾಗ ನನಗೆ ಮೈ ಉರಿಯಿತು. ನಾನೂ ಅದೇ ಮೈಕು ಇಟ್ಟುಕೊಂಡು ಬದುಕುವವನು. ಮಷೀನು ಎಲ್ಲವನ್ನೂ ಹಿಡಿದು ತಂದು ಮುಂದೆ ಇಡುತ್ತದೆ. ಅವರು ಅದನ್ನು ನೋಡಿ ಬೆರಗಾದರು. ನಾನು ಮ್ಯೂಟ್ ಒತ್ತಿದೆ.

ಮುಂದಿನದನ್ನು ಬೇಗ ಹೇಳುತ್ತೇನೆ. 1961ರಲ್ಲಿ ‘ಸೌಂಡ್ ಪ್ಯಾಟರ್ನ್ಸ್’ ಅಂತ ಕೋರಸ್‌ಗೆ ಒಂದು ರಚನೆ. ಅದರಲ್ಲಿ ಒಂದೂ ಪದ ಇಲ್ಲ. ತುಟಿ ಸಿಡಿಸುವುದು, ನಾಲಿಗೆ ಲೊಚಗುಟ್ಟುವುದು, ಪಿಸುಗುಟ್ಟುವುದು, ಇಷ್ಟೇ. ಅದಕ್ಕೆ ಹಾಲೆಂಡಿನ ಗೌಡಿಯಾಮಸ್ ಪ್ರಶಸ್ತಿ ಬಂತು. ಗೆಳೆಯರ ಜೊತೆ ಸ್ಯಾನ್ ಫ್ರಾನ್ಸಿಸ್ಕೊ ಟೇಪ್ ಮ್ಯೂಸಿಕ್ ಸೆಂಟರ್‌ನಲ್ಲಿ ಕೆಲಸ. 1966ರಲ್ಲಿ ಆ ಸೆಂಟರು ಮಿಲ್ಸ್ ಕಾಲೇಜಿಗೆ ಹೋದಾಗ ಇವರೇ ಅದರ ಮೊದಲ ನಿರ್ದೇಶಕಿ. ಟೇಪ್ ಸೆಂಟರಿನ ದಿನಗಳಲ್ಲಿ ಅವರ ಕೈಗೆ ಹತ್ತಿದ ಒಂದು ಆಟ ನನಗೆ ತುಂಬಾ ಹಿಡಿಸಿತು. ಎರಡು ಟೇಪ್ ರೆಕಾರ್ಡರ್ ದೂರ ದೂರ ಇಡುವುದು. ಒಂದರಲ್ಲಿ ಹೊರಟ ಟೇಪು ಇನ್ನೊಂದರೊಳಗೆ ಹೋಗುತ್ತದೆ. ಮೊದಲನೆಯದು ರೆಕಾರ್ಡ್ ಮಾಡುತ್ತದೆ, ಎರಡನೆಯದು ಅದನ್ನೇ ನುಡಿಸುತ್ತದೆ. ಸೆಕೆಂಡಿಗೆ ಏಳೂವರೆ ಇಂಚು ಓಡುವ ಟೇಪಿಗೆ ಐದು ಅಡಿ ದೂರ ಕೊಟ್ಟರೆ, ಈಗ ಮಾಡಿದ ಸದ್ದು ಎಂಟು ಸೆಕೆಂಡಿಗೆ ವಾಪಸ್ ಬರುತ್ತದೆ. ಕಾಲವನ್ನು ಅಡಿಪಟ್ಟಿಯಲ್ಲಿ ಅಳೆದಂಗೆ. ನಾವೀಗ ಒಂದು ಡಬ್ಬಿಯಲ್ಲಿ ನಂಬರ್ ಟೈಪ್ ಮಾಡಿ ಮುಗಿಸುವ ಕೆಲಸಕ್ಕೆ ಅವರು ಕೋಣೆ ತುಂಬಾ ಟೇಪು ಎಳೆದಿದ್ದರು.

1965ರ ‘ಬೈ ಬೈ ಬಟರ್‌ಫ್ಲೈ’ ಹೀಗೇ ಹುಟ್ಟಿದ್ದು. ಆಸಿಲೇಟರು ಅಂದರೆ ಕರೆಂಟಿನಿಂದ ಸ್ವರ ಹುಟ್ಟಿಸುವ ಯಂತ್ರ. ಅವುಗಳ ಸೀಟಿಯಂಥ ಸದ್ದು ಟೇಪಿನಲ್ಲಿ ಸುತ್ತುತ್ತಿರುವಾಗ, ಗಂಡನಿಗಾಗಿ ಕಾಯುವ ಜಪಾನಿ ಹೆಂಡತಿಯ ಕಥೆಯ ಪುಚ್ಚೀನಿ ಆಪೆರಾದ, ಅಂದರೆ ಹಾಡಿನ ನಾಟಕದ, ರೆಕಾರ್ಡು ಹಾಕಿದರು. ಆ ಚಂದದ ಹಾಡು ಗದ್ದಲದೊಳಗೆ ಬರುತ್ತದೆ, ಮುಳುಗುತ್ತದೆ. ಎಂಟು ನಿಮಿಷ. ಕೇಳುತ್ತಾ ಕೂತಾಗ ನಗು ಬಂತು. ನಾನು ಹೆಂಗಸಿನ ಮಾತಿನ ಮೇಲೆ ಹಾಡು ಹಾಕಿ ಮುಚ್ಚಿದವನು. ಈ ಹೆಂಗಸು ಹಾಡಿನ ಮೇಲೆಯೇ ಗದ್ದಲ ಹಾಕಿ ಮುಚ್ಚಿದ್ದರು.

ಆಮೇಲೆ ಸ್ಯಾನ್ ಡಿಯಾಗೊದ ಯೂನಿವರ್ಸಿಟಿಯಲ್ಲಿ 1967ರಿಂದ ಕೆಲಸ. ವಿಯೆಟ್ನಾಂ ಯುದ್ಧದ ದಿನಗಳು. 1970ರಲ್ಲಿ ಅದೇ ಕ್ಯಾಂಪಸ್ಸಿನಲ್ಲಿ ಒಬ್ಬ ವಿದ್ಯಾರ್ಥಿ ಯುದ್ಧ ವಿರೋಧಿಸಿ ಮೈಗೆ ಬೆಂಕಿ ಹಚ್ಚಿಕೊಂಡ. ಆ ಕಾಲದಲ್ಲಿ ಒಲಿವೆರೋಸ್ ಸಂಗೀತ ಕಛೇರಿ ಬಿಟ್ಟು ತಮ್ಮ ಒಳಗೆ ತಿರುಗಿದರು. ಅಕಾರ್ಡಿಯನ್‌ನಲ್ಲಿ ಒಂದೇ ಸ್ವರ ಹಿಡಿದು, ಗಂಟೆಗಟ್ಟಲೆ ಅದನ್ನೇ ಕೇಳುತ್ತಾ ಕೂರುವುದು. ಅದರಿಂದ ಬಂದದ್ದು ‘ಸೋನಿಕ್ ಮೆಡಿಟೇಷನ್ಸ್’. ಇದಕ್ಕೆ ಸ್ವರಲಿಪಿ ಇಲ್ಲ, ಸಂಗೀತ ಬರಲೇಬೇಕು ಅಂತಿಲ್ಲ. ನಾಲ್ಕಾರು ಸಾಲಿನ ಸೂಚನೆ, ಯಾರು ಬೇಕಾದರೂ ಮಾಡಬಹುದು. ಒಂದರಲ್ಲಿ, ಅಂಗಾಲೇ ಕಿವಿಯಾಗುವಷ್ಟು ಸದ್ದಿಲ್ಲದೆ ರಾತ್ರಿ ನಡೆಯಿರಿ ಅಂತಿದೆ. ನಾನು ಒಂದು ರಾತ್ರಿ ನಮ್ಮ ಓಣಿಯಲ್ಲಿ ಪ್ರಯತ್ನ ಮಾಡಿದೆ. ಸದ್ದಿಲ್ಲದೆ ನಡೆಯುವ ಮನುಷ್ಯನನ್ನು ಕಂಡರೆ ಬಳ್ಳಾರಿಯ ನಾಯಿಗಳಿಗೆ ಆಗುವುದಿಲ್ಲ. ಮೂರನೇ ಮನೆ ದಾಟೋದರೊಳಗೆ ಅಂಗಾಲು ಕಿವಿಯಾಗುವ ಬದಲು ಕಾಲು ರೆಕ್ಕೆಯಾಯಿತು.

ಸಂಪಿನೊಳಗೆ

ಬಳ್ಳಾರಿಯಲ್ಲಿ ಮನೆ ಕಟ್ಟುವವರು ಮೊದಲು ಸಂಪು ಕಟ್ಟುತ್ತಾರೆ. ನಲ್ಲಿ ನೀರು ಬರುವುದು ಎಷ್ಟು ದಿನಕ್ಕೊಮ್ಮೆ ಅನ್ನುವುದರ ಮೇಲೆ ಸಂಪಿನ ಅಳತೆ. ನಮ್ಮದು ಹತ್ತು ಸಾವಿರ ಲೀಟರಿನದು, ಮನೆ ಮುಂದೆ ವರಾಂಡದ ಕೆಳಗೆ. ವರ್ಷಕ್ಕೊಮ್ಮೆ ಖಾಲಿ ಮಾಡಿ ನಾನೇ ಇಳಿದು ತಿಕ್ಕುತ್ತೇನೆ. ಈ ಸಲ ದಸರೆಗೆ ಮುಂಚೆ ಇಳಿಯುವಾಗ ಪೊರಕೆ, ಬಕೆಟ್ಟಿನ ಜೊತೆ ಮೊಬೈಲನ್ನೂ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ತಗೊಂಡೆ. ಹೆಂಡತಿ ನೋಡಿದಳು. ಏನೂ ಕೇಳಲಿಲ್ಲ. ಅದೇ ಹೆದರಿಕೆ.

ಒಳಗೆ ಕತ್ತಲೆ. ಮೇಲಿನ ಎರಡಡಿ ಬಾಯಿಯಿಂದ ಚೌಕದ ಬಿಸಿಲು ಮಾತ್ರ. ಗೋಡೆ ತುಂಬಾ ಪಾಚಿಯ ಜಾರಿಕೆ, ಕೆಳಗೆ ಬೆರಳುದ್ದ ಕೆಂಪು ಕೆಸರು. ನಮ್ಮೂರಿನ ಧೂಳು ನೀರಿನೊಳಗೂ ಬಂದು ಕೂರುತ್ತದೆ. ತಿಕ್ಕೋದು ಮುಗಿಸಿ, ರೆಕಾರ್ಡರ್ ಆನ್ ಮಾಡಿ, ಗಂಟಲು ಸರಿಮಾಡಿಕೊಂಡೆ. ಆ ಸರಿಮಾಡಿಕೊಂಡದ್ದೇ ಹುಲಿ ಗುರ್ ಅಂದಂಗೆ ಕೇಳಿಸಿತು. ಚಪ್ಪಾಳೆ ತಟ್ಟಿದೆ. ಟಪ್ ಅಂದು ಸುತ್ತ ಸಿಡಿದು ಹೋಯಿತು. ಎರಡು ಸೆಕೆಂಡೂ ಇಲ್ಲ. 45 ಎಲ್ಲಿ, ಇದೆಲ್ಲಿ! ತೊಟ್ಟಿ ದೊಡ್ಡದಾದಷ್ಟೂ ಸದ್ದು ಗೋಡೆಯಿಂದ ಗೋಡೆಗೆ ಹೋಗಲು ಹೊತ್ತು ಬೇಕು. ಗೋಡೆಗೆ ಬಡಿದಾಗಲೆಲ್ಲ ಒಂದಿಷ್ಟು ಸಾಯುತ್ತದೆ. ನನ್ನ ಸಂಪಿನಲ್ಲಿ ಆರಡಿಗೊಮ್ಮೆ ಬಡಿಯುತ್ತದೆ, ಬೇಗ ಸಾಯುತ್ತದೆ. ಲೆಕ್ಕ ಸರಳ.

ಆದರೂ ಬಂದದ್ದಕ್ಕೆ ಇರಲಿ ಅಂತ ‘ಆ’ ಅಂತ ಒಂದು ಸ್ವರ ಹಿಡಿದು ಮೆಲ್ಲಗೆ ಕೆಳಗಿಳಿಸುತ್ತಾ ಹೋದೆ. ನನಗೆ ಸಂಗೀತ ಬರುವುದಿಲ್ಲ. ಭಜನೆಯಲ್ಲಿ ಹಿಂದೆ ಕೂತು ದನಿ ಸೇರಿಸುವಷ್ಟು ಮಾತ್ರ. ಇಳಿಸುತ್ತಾ, ಇಳಿಸುತ್ತಾ, ಎದೆಯ ಹತ್ತಿರದ ಒಂದು ಮಂದ್ರ ಸ್ವರಕ್ಕೆ ಬಂದಾಗ ಸಂಪು ಗುಂಯ್ ಅಂದಿತು. ನನ್ನ ದನಿ ಜೋರಾಗಿರಲಿಲ್ಲ. ಸಂಪೇ ಹಾಡಿತು. ಹಲ್ಲು, ದವಡೆ, ಒದ್ದೆಯಾದ ಗೋಡೆ ಮುಟ್ಟಿದ್ದ ಅಂಗೈ ಎಲ್ಲ ಅದುರಿದವು. ಸ್ವಲ್ಪ ಮೇಲೆ ಹೋದರೆ ಸುಮ್ಮನಾಗುತ್ತದೆ. ಸ್ವಲ್ಪ ಕೆಳಗೆ ಹೋದರೂ ಸುಮ್ಮನಾಗುತ್ತದೆ. ಆ ಒಂದಕ್ಕೆ ಮಾತ್ರ ಓಗೊಡುತ್ತದೆ. ಹನ್ನೊಂದು ವರ್ಷದಿಂದ ಇದರ ನೀರು ಕುಡಿದಿದ್ದೇವೆ, ಇದಕ್ಕೊಂದು ಶ್ರುತಿ ಇದೆ ಅಂತ ಗೊತ್ತಿರಲಿಲ್ಲ. ಎಷ್ಟು ಹೊತ್ತು ಹಾಗೇ ನಿಂತಿದ್ದೆನೋ. ಮೇಲಿನ ಚೌಕದಲ್ಲಿ ಹೆಂಡತಿಯ ಮುಖ ಕಂಡಿತು. “ಏನ್ರೀ, ಉಸಿರು ಗಿಸಿರು ಕಟ್ಟೇತೇನು? ನೀರು ಬಿಡೋ ಟೈಮಾತು, ಮ್ಯಾಲೆ ಬರ್ರಿ.”

ರೆಕಾರ್ಡಿಂಗಿನಲ್ಲಿ ಗುಂಯ್ ಅಷ್ಟೇನೂ ಚೆನ್ನಾಗಿ ಬಂದಿಲ್ಲ. ಹೆಂಡತಿಯ ಮಾತು ಚೆನ್ನಾಗಿ ಬಂದಿದೆ. ‘ಮ್ಯಾಲೆ ಬರ್ರಿ’ ಅನ್ನುವುದು ಮೂರು ಗೋಡೆಗೆ ತಾಗಿ ಮೂರು ಜನ ಕರೆದಂಗೆ ಕೇಳಿಸುತ್ತದೆ.

ಕಿವಿಗೆ ಬೀಳೋದು, ಕಿವಿಗೊಡೋದು

ಒಲಿವೆರೋಸ್ ಮತ್ತೆ ಮತ್ತೆ ಒಂದು ವ್ಯತ್ಯಾಸ ಹೇಳುತ್ತಿದ್ದರು. ಕಿವಿ ತಾನಾಗಿ ಮಾಡುವ ಕೆಲಸ ಬೇರೆ, ನಾವು ಗಮನ ಕೊಟ್ಟು ಮಾಡುವ ಕೆಲಸ ಬೇರೆ. ಇಂಗ್ಲಿಷಿನಲ್ಲಿ ಎರಡಕ್ಕೂ ಬೇರೆ ಪದ ಇದೆ. ಕನ್ನಡದ ‘ಕೇಳು’ ಎರಡಕ್ಕೂ ಆಗುತ್ತದೆ, ಜೊತೆಗೆ ಪ್ರಶ್ನೆಗೂ ಅದೇ, ಸಾಲಕ್ಕೂ ಅದೇ. ದೊಡ್ಡವರ ಮಾತು ‘ಕೇಳಬೇಕು’ ಅಂದರೆ ಒಪ್ಪಿ ನಡೆಯಬೇಕು ಅಂತ. ಇಷ್ಟೊಂದು ಹೊರೆ ಹೊತ್ತ ಪದದಿಂದ ಆ ವ್ಯತ್ಯಾಸ ಹೇಳಲು ಆಗುವುದಿಲ್ಲ. ಆದರೆ ಪಕ್ಕದಲ್ಲೇ ಇನ್ನೆರಡು ಮಾತಿವೆ ನೋಡಿ. ಸುದ್ದಿ ಕಿವಿಗೆ ಬೀಳುತ್ತದೆ. ನಾವು ಕಿವಿ ಕೊಡುತ್ತೇವೆ. ಒಂದು ತಾನೇ ಬೀಳುವುದು, ಇನ್ನೊಂದು ನಾವಾಗಿ ಕೊಡುವುದು.

ನಮ್ಮವ್ವ ಕಿವಿ ಕೊಟ್ಟು ದುಡಿದವಳು. ಕೌಲ್ ಬಜಾರಿನ ಕಡೆ ಜೀನ್ಸ್ ಪ್ಯಾಂಟು ಹೊಲಿಯುವ ಸಣ್ಣ ಯೂನಿಟ್ಟಿನಲ್ಲಿ ಪೀಸಿಗಿಷ್ಟು ಅಂತ ಕೆಲಸ. ಶಾಲೆ ಬಿಟ್ಟ ಮೇಲೆ ನಾನು ಅಲ್ಲೇ, ಕತ್ತರಿಸಿದ ಜೀನ್ಸ್ ರಾಶಿ ಮೇಲೆ ಮಲಗುತ್ತಿದ್ದೆ. ಎಂಟು ಮಷೀನು ಒಟ್ಟಿಗೆ ಓಡುವಾಗ ನನಗೆ ಬರೀ ಗರ್ ಅನ್ನುವ ಒಂದೇ ಸದ್ದು. ಅವ್ವ ಮಾತ್ರ ಬಗ್ಗಿಸಿದ ತಲೆ ಎತ್ತದೆ, “ಆ ಮೂಲೆ ಮಷೀನಿನ ಸೂಜಿ ಮೊಂಡಾಗೇತಿ, ಬದಲು ಮಾಡ್ರಿ” ಅನ್ನುತ್ತಿದ್ದಳು. ಮೊಂಡು ಸೂಜಿ ಜೀನ್ಸಿನಂಥ ದಪ್ಪ ಬಟ್ಟೆಗೆ ಇಳಿಯುವಾಗ ಟಪ್ ಟಪ್ ಅಂತ ಒಡೆಯುತ್ತದೆ. ಹರಿತ ಇದ್ದರೆ ಆ ಟಪ್ ಇರುವುದಿಲ್ಲ. ಎಂಟರ ನಡುವೆ ಒಂದನ್ನು ಅವಳು ಬಿಡಿಸಿ ಕೇಳುತ್ತಿದ್ದಳು.

ಈ ಮಾತನ್ನು ಗೆಳೆಯನೊಬ್ಬನಿಗೆ ಹೇಳಿದ್ದಕ್ಕೆ, “ನೋಡು, ಅಮೆರಿಕದಾಕಿ ಹೇಳಿದ್ದೆಲ್ಲ ನಮ್ಮವ್ವಂದಿರಿಗೆ ಮೊದಲೇ ಗೊತ್ತಿತ್ತು” ಅಂದ. ನಾನು ಒಪ್ಪಲಿಲ್ಲ. ಅವ್ವ ಕೇಳಿದ್ದು ಪೀಸು ಕೆಟ್ಟರೆ ದುಡ್ಡು ಹಿಡಿಯುತ್ತಾರೆ ಅಂತ. ಬೇಕಾದ್ದನ್ನು ಆರಿಸಿ, ಬೇಡದ್ದನ್ನು ಬಿಟ್ಟು ಕೇಳಿದಳು. ಒಲಿವೆರೋಸ್ ಹೇಳಿದ್ದು ಅದರ ಉಲ್ಟಾ. ಯಾವುದು ಬೇಕು ಅಂತ ಮೊದಲೇ ತೀರ್ಮಾನ ಮಾಡದೆ ಕೇಳಿ ಅಂತ. ಹಾಗೆ ಕೇಳಲು ಒಂದಿಷ್ಟು ಬಿಡುವು ಬೇಕು, ಬಿಡುವಿಗೆ ದುಡ್ಡು ಬೇಕು. ಅವ್ವನಿಗೆ ಅದು ಇರಲಿಲ್ಲ. ಹಾಗಂತ ಒಲಿವೆರೋಸ್ ಸುಖವಾಗಿ ಸಂಬಳ ತಗೊಂಡು ಧ್ಯಾನ ಹೇಳಿದವರೂ ಅಲ್ಲ. 1981ರಲ್ಲಿ ಕಾಯಂ ಪ್ರೊಫೆಸರ್ ಕೆಲಸವನ್ನೇ ಬಿಟ್ಟು ನ್ಯೂಯಾರ್ಕ್ ರಾಜ್ಯದ ಕಡೆ ಹೊರಟುಹೋದರು. ಐವತ್ತರ ಹತ್ತಿರದ ವಯಸ್ಸಿನಲ್ಲಿ ಮತ್ತೆ ಅಕಾರ್ಡಿಯನ್ ಹೊತ್ತು ಊರೂರು. ಇದನ್ನು ನಾನು ಮೆಚ್ಚುತ್ತೇನೆ, ಆದರೆ ಮಾಡಲಾರೆ. ಮಗನ ಫೀಸು ಕಟ್ಟುವ ತಿಂಗಳಂತೂ ಮೆಚ್ಚುವುದೂ ಇಲ್ಲ.

ಅವ್ವ ಏನೂ ಕಾರಣವಿಲ್ಲದೆ ಕೇಳಿದ್ದು ಒಂದೇ ರಾತ್ರಿ ನನಗೆ ಗೊತ್ತು. ಆಗ ನಾವು ಬೈಪಾಸ್ ರಸ್ತೆ ಹತ್ತಿರ ಬಾಡಿಗೆ ಮನೆಯಲ್ಲಿದ್ದೆವು. ಅದಿರು ಲಾರಿಗಳು ರಾತ್ರಿಯಿಡೀ ಹೋಗುತ್ತಿದ್ದವು. ಪಾತ್ರೆ ಸ್ಟ್ಯಾಂಡಿನ ಲೋಟಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಅನ್ನುತ್ತಲೇ ಇರುತ್ತಿದ್ದವು. ಅದು ನಮಗೆ ಜೋಗುಳ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು. ಕೆಲವು ದಿನಕ್ಕೆ ಲಾರಿಗಳೂ ನಿಂತವು. ಒಂದು ನಡುರಾತ್ರಿ ಎಚ್ಚರವಾಗಿ ನೋಡಿದರೆ ಅವ್ವ ಹಾಸಿಗೆ ಮೇಲೆ ಎದ್ದು ಕೂತಿದ್ದಳು. “ಏನವ್ವಾ?” ಅಂದೆ. “ಲೋಟ ಸುಮ್ಮನಾಗ್ಯಾವಲ್ಲೋ” ಅಂದಳು. ಇಬ್ಬರೂ ಸ್ವಲ್ಪ ಹೊತ್ತು ಆ ಸುಮ್ಮನಿರುವುದನ್ನೇ ಕೇಳಿದೆವು. ಪಕ್ಕದ ಮನೆಯವನು ಲಾರಿ ಡ್ರೈವರ್. ಅವನ ಮನೆಯಲ್ಲಿ ಆ ತಿಂಗಳಿಂದ ಬೇರೆ ಸದ್ದು ಶುರುವಾಯಿತು, ಅದು ಗೋಡೆ ದಾಟಿ ನಮಗೂ ಕೇಳಿಸುತ್ತಿತ್ತು.

‘ನಮ್ಮಲ್ಲಿ ಮೊದಲೇ ಇತ್ತು’ ಅನ್ನುವವರಿಗೆ ಬಳ್ಳಾರಿಯಲ್ಲಿ ಇನ್ನೂ ಗಟ್ಟಿ ಸಾಕ್ಷಿ ಸಿಗುತ್ತದೆ, ನಿಜ. ಸಂಗನಕಲ್ಲಿನ ಹತ್ತಿರ ಕಪ್ಪಗಲ್ಲು ಗುಡ್ಡ. ಅಲ್ಲಿ ಡಾಲರೈಟ್ ಅನ್ನುವ ಕಪ್ಪು ಕಲ್ಲಿನ ಸಾಲಿನಲ್ಲಿ ಉದ್ದ ಕೊಂಬಿನ ದನಗಳ ಚಿತ್ರ ಕುಟ್ಟಿದ್ದಾರೆ, ಹೊಸ ಶಿಲಾಯುಗದ ಜನರ ಕಾಲದಿಂದ. 1892ರಲ್ಲೇ ಇದರ ಬಗ್ಗೆ ಬರೆದವರಿದ್ದಾರೆ. ಅಲ್ಲಿನ ಕೆಲವು ಬಂಡೆಗಳಲ್ಲಿ ಸಣ್ಣ ಗುಳಿಗಳಿವೆ. ಆ ಗುಳಿಗೆ ಕಲ್ಲಿನಿಂದ ಹೊಡೆದರೆ ಬಂಡೆ ಗಂಟೆಯಂತೆ ಣಂಯ್ ಅನ್ನುತ್ತದೆ. 2004ರಲ್ಲಿ ನಿಕೋಲ್ ಬೊಯ್ವಿನ್ ಅನ್ನುವ ಸಂಶೋಧಕಿ ಇದನ್ನು ಬರೆದಾಗ ಹೊರದೇಶದ ಪತ್ರಿಕೆಗಳಲ್ಲೆಲ್ಲ ಸುದ್ದಿಯಾಯಿತು. ಮಗನನ್ನು ಕರೆದುಕೊಂಡು ಒಂದು ಭಾನುವಾರ ಹೋಗಿ ನೋಡಿದೆ. ಗುಳಿ ಹೊಸದಲ್ಲ, ಸವೆದು ಸವೆದು ನುಣ್ಣಗಾಗಿದೆ. ಚಿತ್ರ ಹಾಳಾಗಬಾರದು ಅಂತ ದೂರದ ಬೇರೊಂದು ಸಾದಾ ಕಲ್ಲಿಗೆ ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟಿದೆವು. ಸಣ್ಣಗೆ ಣಂಯ್ ಅಂದಿತು. ಕೆಳಗಿನ ಬಂಡೆಗೆ ಎರಡು ಮೂರು ಕಡೆ ಮಾತ್ರ ತಾಗಿ ಕೂತ ಕಲ್ಲು ಅದು, ಅದುರಲು ಅದಕ್ಕೆ ಜಾಗ ಇದೆ. ಮಗ ಇನ್ನೊಮ್ಮೆ, ಇನ್ನೊಮ್ಮೆ ಅಂತ ತಟ್ಟಿದ. ಸರಿ, ನಮ್ಮಲ್ಲಿ ಇತ್ತು. ಇದ್ದದ್ದನ್ನು ಏನು ಮಾಡಿದೆವು? ಆ ಗುಡ್ಡದ ಒಂದಿಷ್ಟು ಭಾಗವನ್ನು ಒಡೆದು ಜಲ್ಲಿ ಮಾಡಿ ಮಾರಿದೆವು. ಹೆಮ್ಮೆ ಪಡುವ ಮೊದಲು ನಮ್ಮ ಮನೆ ಬುನಾದಿಗೆ ಬಿದ್ದ ಜಲ್ಲಿ ಎಲ್ಲಿಂದ ಬಂತು ಅಂತ ಕೇಳಿಕೊಳ್ಳಬೇಕು. ನಾನು ಕೇಳಿಕೊಂಡಿಲ್ಲ, ಸಂಪು ಕಟ್ಟಿಸುವಾಗಲೂ.

ಒಲಿವೆರೋಸ್ 2016ರ ನವೆಂಬರ್‌ನಲ್ಲಿ, 84ನೇ ವಯಸ್ಸಿಗೆ ತೀರಿಕೊಂಡರು. ಕೊನೆವರೆಗೂ ಪಾಠ, ಕಛೇರಿ ಬಿಟ್ಟಿರಲಿಲ್ಲ.

ಕಾರ್ತಿಕದಲ್ಲಿ ಕೊಪ್ಪಳ ಕಡೆಯದೊಂದು ಮದುವೆ ಸಿಕ್ಕಿತು. ಈ ಸಲ ಭೂಮದ ಊಟದ ಹತ್ತಿರ ಹಾಡು ಹಾಕಲಿಲ್ಲ. ಒಂದೂವರೆ ನಿಮಿಷ, ಇದ್ದ ಸದ್ದು ಇದ್ದಂಗೆ ಬಿಟ್ಟೆ. ಪೆನ್‌ಡ್ರೈವ್ ಕೊಟ್ಟ ಮೂರನೇ ದಿನಕ್ಕೆ ಹುಡುಗಿಯ ಮಾವನ ಫೋನು. “ಸಾರ್, ಎಲ್ಲಾ ಚಲೋ ಬಂದೈತಿ. ಊಟದ ಹತ್ರ ಒಂದು ಹಾಡು ಹಾಕೋದು ಮರ್ತೀರಿ ನೋಡ್ರಿ. ಬರೇ ಗದ್ಲ ಕೇಳ್ತೈತಿ.” ಮರೆತಿಲ್ಲ, ಬೇಕಂತಲೇ ಬಿಟ್ಟೆ ಅಂತ ಹೇಳಲು ಬಾಯಿ ತೆರೆದೆ. ಬಾಕಿ ಹಣ ಇನ್ನೂ ಬಂದಿರಲಿಲ್ಲ. ಹಾಡು ಹಾಕಿ ಕಳಿಸಿದೆ.

ಒರಿಜಿನಲ್ ಫೈಲು ಮಾತ್ರ ಅಳಿಸಿಲ್ಲ. ‘ಒಡಪು’ ಅಂತ ಒಂದು ಫೋಲ್ಡರ್ ಮಾಡಿ ಇಟ್ಟಿದ್ದೇನೆ. ನಿನ್ನೆ ರಾತ್ರಿ ಹೆಡ್‌ಫೋನ್ ಹಾಕಿಕೊಂಡು ಮತ್ತೆ ಕೇಳಿದೆ. ಆ ಹುಡುಗಿ ಏಳು ಸೆಕೆಂಡು ಒಡಪು ಹೇಳುತ್ತಾಳೆ, ಒಂದಕ್ಷರ ಬಿಡದೆ ಸ್ಪಷ್ಟವಾಗಿದೆ. ಗಂಡನ ಹೆಸರು ಬಂದ ಕೂಡಲೇ ನಗು. ಆ ನಗುವಿನ ಹಿಂದೆ, ನಾನು ಕ್ಯಾಮೆರಾ ಹಿಡಿದು ನಿಂತ ಜಾಗಕ್ಕೆ ತೀರಾ ಹತ್ತಿರದಲ್ಲೇ, ಒಬ್ಬ ಮುದುಕಿ ಯಾರನ್ನೋ ಕೂಗುತ್ತಿದ್ದಾಳೆ. ಅವತ್ತು ನನಗೆ ಕೇಳಿಸಿರಲಿಲ್ಲ. “ಏ ತಮ್ಮಾ, ಈ ಸಾಲಿಗೆ ಸಾರೇ ಬಂದಿಲ್ಲೋ.” ಎರಡು ಸಲ ಕೂಗುತ್ತಾಳೆ. ಮೂರನೇ ಸಲಕ್ಕೆ ಸ್ಟೀಲ್ ಬಕೆಟ್ಟು ನೆಲಕ್ಕಿಟ್ಟ ಸದ್ದು ಕೇಳುತ್ತದೆ.